ಲಕ್ವಾ ಕಾಲಿಗೆ ಕರೆಂಟ್ ಯಂತ್ರ: ಎರಡು ಬೇಸಿಗೆ ಬಳಸಿದ ಮೇಲೆ

ಲಕ್ವಾ ಹೊಡೆದ ಮೇಲೆ ಪಾದ ಜೋತು ಬಿದ್ದು, ನಡೆಯುವಾಗ ಬೆರಳು ನೆಲಕ್ಕೆ ಎಡವುವವರಿಗೆ ಈ ಯಂತ್ರ. ಹಿಮ್ಮಡಿ ನೆಲ ಬಿಟ್ಟ ಕೂಡಲೇ ನರಕ್ಕೆ ಕರೆಂಟ್ ಹೋಗಿ ಪಾದ ಮೇಲೇಳುತ್ತದೆ, ಹಿಮ್ಮಡಿ ಊರಿದರೆ ನಿಲ್ಲುತ್ತದೆ. 1961ರಲ್ಲಿ ಲಿಬರ್ಸನ್ ಎಂಬ ವೈದ್ಯ ತೋರಿಸಿದ ಉಪಾಯವೇ ಇದು.

ಯಂತ್ರ ಕೈಕೊಟ್ಟಿಲ್ಲ. ತಲೆನೋವೆಲ್ಲ ಚರ್ಮಕ್ಕೆ ಅಂಟಿಸಿ ಕರೆಂಟ್ ಹಾಯಿಸುವ ಪ್ಯಾಡಿನದು. ಮೊಣಕಾಲಿನ ಹೊರಮಗ್ಗುಲಲ್ಲಿ, ತುಸು ಕೆಳಗೆ, ಗೋಲಿಯಂಥ ಎಲುಬು ಕೈಗೆ ಸಿಗುತ್ತದೆ. 5 ಸೆಂ.ಮೀ. ಚೌಕದ ಒಂದು ಪ್ಯಾಡ್ ಅದರ ಹಿಂದೆ-ಕೆಳಗೆ, ಇನ್ನೊಂದು ಅದಕ್ಕಿಂತ ಕೆಳಗೆ, ಕಾಲಿನ ಮುಂಬದಿಯ ಸ್ನಾಯುವಿನ ಮೇಲೆ. ಪಾದ ಹೊರಕ್ಕೆ ತಿರುಗಿದರೆ ಪ್ಯಾಡನ್ನು ಅರ್ಧ ಸೆಂ.ಮೀ. ಮುಂದಕ್ಕೆ, ಒಳಕ್ಕೆ ಮಗುಚಿದರೆ ಹಿಂದಕ್ಕೆ ಸರಿಸಿ. ಜಾಗ ಸರಿ ಬಂದ ದಿನವೇ ಪೆನ್ನಿನಿಂದ ಗುರುತು ಹಾಕಿ ಫೋಟೋ ತೆಗೆದಿಡಿ. ಇಲ್ಲದಿದ್ದರೆ ದಿನಾ ಬೆಳಗ್ಗೆ ಹುಡುಕಾಟ.

40 ಹರ್ಟ್ಜ್, ಅಂದರೆ ಸೆಕೆಂಡಿಗೆ 40 ಮಿಡಿತ, ಸಾಕು. ಕರೆಂಟನ್ನು ಕೆಳಗಿನಿಂದ ಏರಿಸುತ್ತ, ಪಾದ ಎದ್ದಲ್ಲಿಗೆ ನಿಲ್ಲಿಸಿ. ಜಾಸ್ತಿ ಕೊಟ್ಟರೆ ಜಾಸ್ತಿ ಗುಣ ಎನ್ನುವುದು ಬರೀ ಭ್ರಮೆ. ಕರೆಂಟ್ ಥಟ್ಟನೆ ಏರಿದರೆ ಬಿಗಿದ ಮೀನಖಂಡ ಕೆರಳಿ ಪಾದ ಗಡಗಡ ನಡುಗುತ್ತದೆ. ಆಗ ಏರುವ ಸಮಯವನ್ನು ಹೆಚ್ಚಿಸಬೇಕು.

ಕಲಬುರಗಿಯ ಏಪ್ರಿಲ್–ಮೇ ಪ್ಯಾಡಿಗೆ ಶತ್ರು. ಬೆವರಿಗೆ ಅಂಚು ಎದ್ದರೆ ಕರೆಂಟೆಲ್ಲ ಉಳಿದ ಸಣ್ಣ ಜಾಗಕ್ಕೆ ನುಗ್ಗಿ ಚುರ್ರೆಂದು ಕಡಿಯುತ್ತದೆ, ಚರ್ಮ ಕೆಂಪಾಗುತ್ತದೆ. ಎಣ್ಣೆ ಹಚ್ಚಿದ ಕಾಲಿಗಂತೂ ಅಂಟುವುದೇ ಇಲ್ಲ. ಸೋಪಿನಿಂದ ತೊಳೆದು ಒರೆಸಿ ಅಂಟಿಸಿ. ಕೂದಲನ್ನು ಕತ್ತರಿಯಿಂದ ಕತ್ತರಿಸಿ, ಬ್ಲೇಡ್ ಬೇಡ. ರಾತ್ರಿ ಪ್ಯಾಡಿನ ಅಂಟು ಜೆಲ್ಲಿಗೆ ಒಂದು ಹನಿ ನೀರು ಸವರಿ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿಡಿ. ಇಷ್ಟಾದರೂ ಬೇಸಿಗೆಯಲ್ಲಿ ಒಂದು ಜೊತೆ ಎರಡು ವಾರ ದಾಟಲಿಲ್ಲ. 2 ಮಿ.ಮೀ. ಪಿನ್ನಿನ ಸಾಮಾನ್ಯ ಟೆನ್ಸ್ (ನೋವು ತಗ್ಗಿಸುವ ಕರೆಂಟ್ ಯಂತ್ರ) ಪ್ಯಾಡ್ ಹೊಂದುವ ಮಾದರಿಯನ್ನೇ ಕೊಳ್ಳಿ, ಕಂಪನಿಯ ಪ್ಯಾಡಿಗೆ ಕಾಯುವ ಗೋಳು ತಪ್ಪುತ್ತದೆ.

ಹಿಮ್ಮಡಿ ಎದ್ದದ್ದು, ಊರಿದ್ದು ಗುರುತಿಸುವ ಸ್ವಿಚ್ ಇರುವುದು ಶೂ ಒಳಗೆ. ನಾವೋ ಹೊಸ್ತಿಲಲ್ಲೇ ಚಪ್ಪಲಿ ಬಿಡುವವರು! ಒದ್ದೆಯಾದರೆ ಜಾರುವ ಶಹಾಬಾದ್ ಫರ್ಶಿಯ ಮೇಲೆ, ನಿಜಕ್ಕೂ ಬೇಕಾದ ಹೊತ್ತಿಗೆ, ಯಂತ್ರ ಸುಮ್ಮನಿರುತ್ತದೆ. ಮನೆಯೊಳಗೆಂದೇ ಹಿಂಪಟ್ಟಿಯ ಸ್ಯಾಂಡಲ್ ಇಡಿ, ಅಥವಾ ಕಾಲಿನ ಓರೆ ಅಳೆಯುವ ಸೆನ್ಸರಿನ ಮಾದರಿ ನೋಡಿ. ಸ್ವಿಚ್ಚಿನ ವೈರ್ ಕಣಕಾಲಿನ ಬಳಿಯೇ ತುಂಡಾಗುವುದು, ಅಲ್ಲಿ ಸ್ವಲ್ಪ ಸಡಿಲ ಬಿಡಿ. ಬಚ್ಚಲಿಗೆ ಮಾತ್ರ ಬೇಡ.

ಪೇಸ್‌ಮೇಕರ್ ಇದ್ದವರು, ಫಿಟ್ಸ್ ಹತೋಟಿಗೆ ಬಾರದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ನಡಿಗೆಯ ವೇಗದಲ್ಲಿ ಪಾದವನ್ನು ಎತ್ತಿ ಹಿಡಿಯುವ ಅಗ್ಗದ ಪ್ಲಾಸ್ಟಿಕ್ ಸ್ಪ್ಲಿಂಟೂ ಹೆಚ್ಚುಕಡಿಮೆ ಇಷ್ಟೇ ಕೊಡುತ್ತದೆ. ಕಣಕಾಲು ಬಿಡುವಾಗಿ ಆಡುವುದು ಇದರ ಲಾಭ. ಕೊಳ್ಳುವ ಮುಂಚೆ ಫಿಸಿಯೋ ಹತ್ತಿರ ಕುರ್ಚಿಯಲ್ಲಿ ಕುಳಿತೇ ಒಮ್ಮೆ ಕರೆಂಟ್ ಕೊಡಿಸಿ ನೋಡಿ. ಅಲ್ಲೂ ಪಾದ ಏಳದಿದ್ದರೆ ಸ್ಪ್ಲಿಂಟೇ ತಗೊಳ್ಳಿ.