ಮೇರಿಲ್ಯಾಂಡ್‌ನಲ್ಲಿ ಮನೆ ಕೆಲಸ ಮಾಡಿಸುವವರೇ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಮೇರಿಲ್ಯಾಂಡ್‌ನಲ್ಲಿ ಮನೆ ತಗೊಂಡಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮೇಲಿನ ಬಾತ್‌ರೂಮನ್ನು ಹೊಸದಾಗಿ ಮಾಡಿಸಿದೆವು. ಟೈಲ್ಸ್ ನೋಡೋಕೆ ಚೆನ್ನಾಗಿಯೇ ಇದ್ದವು. ಆದರೆ ಸ್ವಲ್ಪ ಸಮಯದಲ್ಲೇ ಕೆಳಗೆ ಅಡುಗೆಮನೆ ಸೀಲಿಂಗ್‌ನಲ್ಲಿ ಕಂದು ಕಲೆ ಮೂಡಿತು. ಕಾಂಟ್ರಾಕ್ಟರ್ ಬಂದ, "ಗ್ರೌಟ್ ಬಿಟ್ಟಿದೆ ಅಷ್ಟೇ" ಅಂತ ಸಂದಿಗೆ ಮೆತ್ತಿ ಹೋದ. ಕಲೆ ಇನ್ನೂ ದೊಡ್ಡದಾಯಿತು. ಆಮೇಲೆ ಆತ ಫೋನ್ ಎತ್ತಲೇ ಇಲ್ಲ. ಬೇರೆಯವರನ್ನು ಕರೆಸಿ ಷವರ್ ಗೋಡೆಯ ಕೆಲವು ಟೈಲ್ಸ್ ತೆಗೆಸಿದಾಗ ಹಿಂದೆ ನೀರಿಗೆ ಹಾಳಾಗದ ಸಿಮೆಂಟ್ ಬೋರ್ಡೇ ಇರಲಿಲ್ಲ. ಬೆಡ್‌ರೂಮ್ ಗೋಡೆಗೆ ಹಾಕುವ ಮಾಮೂಲಿ ಡ್ರೈವಾಲ್ (ಜಿಪ್ಸಮ್ ಹಲಗೆ) ಮೇಲೆ ನೇರವಾಗಿ ಟೈಲ್ಸ್ ಅಂಟಿಸಿದ್ದ. ವಾಟರ್‌ಪ್ರೂಫಿಂಗ್ ಪದರದ ಸುಳಿವೇ ಇಲ್ಲ. ಬೆರಳಿಂದ ಒತ್ತಿದರೆ ಗೋಡೆ ನೆನೆದ ರಟ್ಟಿನ ಥರ ಒಳಗೆ ಹೋಗುತ್ತಿತ್ತು. ಒಳಗಿನ ಮರಕ್ಕೆಲ್ಲ ಕಪ್ಪು ಬೂಷ್ಟು.

ನಮ್ಮನ್ನು ಉಳಿಸಿದ್ದು ಒಂದೇ, ಆತನಿಗೆ ಲೈಸೆನ್ಸ್ ಇತ್ತು. ಈ ರಾಜ್ಯದಲ್ಲಿ ಮನೆ ರಿಪೇರಿ, ರಿಮಾಡೆಲಿಂಗ್ ಮಾಡುವವರು ಮೇರಿಲ್ಯಾಂಡ್ ಹೋಮ್ ಇಂಪ್ರೂವ್‌ಮೆಂಟ್ ಕಮಿಷನ್‌ನಿಂದ ಲೈಸೆನ್ಸ್ ಪಡೆಯಲೇಬೇಕು. ಅವರೆಲ್ಲ ಕಟ್ಟುವ ದುಡ್ಡಿನಿಂದ ಒಂದು ಗ್ಯಾರಂಟಿ ಫಂಡ್ ನಡೆಯುತ್ತದೆ. ಕೆಲಸ ಕೆಡಿಸಿದರೆ, ಅರ್ಧಕ್ಕೆ ಬಿಟ್ಟು ಹೋದರೆ ಮನೆಯವರು ಅಲ್ಲಿ ಪರಿಹಾರ ಕೇಳಬಹುದು. ಲೈಸೆನ್ಸ್ ಇಲ್ಲದವನ ಕೈಲಿ ಮಾಡಿಸಿದ್ದರೆ ಈ ಫಂಡಿಂದ ಒಂದು ಡಾಲರೂ ಬರಲ್ಲ. ಕೋರ್ಟಿಗೆ ಹೋಗಿ ಗೆಲ್ಲಬಹುದು, ಆದರೆ ಅವನ ಹತ್ತಿರ ಏನೂ ಇಲ್ಲದಿದ್ದರೆ ವಸೂಲಿ ಯಾರಿಂದ? "ನಮಗೆ ಗೊತ್ತಿರೋರು, ಕಮ್ಮಿಗೆ ಮಾಡ್ಕೊಡ್ತಾರೆ" ಅಂತ ವಾಟ್ಸ್ಯಾಪ್‌ನಲ್ಲಿ ನಂಬರ್ ಬಂದರೆ, ದಯವಿಟ್ಟು ಮೊದಲು ಕಮಿಷನ್ ವೆಬ್‌ಸೈಟ್‌ನಲ್ಲಿ ಹುಡುಕಿ. ಲೈಸೆನ್ಸ್ ಈಗಲೂ ಚಾಲ್ತಿಯಲ್ಲಿದೆಯಾ, ಅಲ್ಲಿರುವ ಹೆಸರೂ ಕಾಂಟ್ರಾಕ್ಟ್‌ನಲ್ಲಿರುವ ಹೆಸರೂ ಒಂದೇನಾ ನೋಡಿ. ವ್ಯಾನ್ ಮೇಲೆ ನಂಬರ್ ಬರೆದಿದ್ದರೆ ಸಾಲದು.

ಅಡ್ವಾನ್ಸ್ ವಿಷಯವೂ ಅಷ್ಟೇ. ಒಪ್ಪಿದ ಮೊತ್ತದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳಲು ಇಲ್ಲಿನ ಕಾನೂನು ಬಿಡುವುದಿಲ್ಲ. ಅರ್ಧ ದುಡ್ಡು ಮೊದಲೇ ಇಡಿ ಅನ್ನುವವನನ್ನು ನಾನಂತೂ ಬಾಗಿಲಲ್ಲೇ ವಾಪಸ್ ಕಳಿಸುತ್ತೇನೆ.

ಫಂಡ್ ಇದೆ ಅಂದ ಮಾತ್ರಕ್ಕೆ ಕಳೆದುಕೊಂಡಿದ್ದೆಲ್ಲ ವಾಪಸ್ ಬರುತ್ತದೆ ಅಂದುಕೊಳ್ಳಬೇಡಿ. ಒಬ್ಬ ಕಾಂಟ್ರಾಕ್ಟರ್‌ನಿಂದ ಆದ ನಷ್ಟಕ್ಕೆ ಒಬ್ಬರಿಗೆ ಸಿಗುವುದು ಹೆಚ್ಚೆಂದರೆ 30,000 ಡಾಲರ್, ಅದೂ ನೀವು ಆತನಿಗೆ ಕೊಟ್ಟ ಹಣವನ್ನು ಮೀರುವಂತಿಲ್ಲ. ಸಾಮಾನ್ಯವಾಗಿ ಲೆಕ್ಕ ಹೀಗಿರುತ್ತದೆ: 24,000ಕ್ಕೆ ಒಪ್ಪಂದ, 18,000 ಕೊಟ್ಟಿದ್ದೀರಿ, ಸರಿಮಾಡಿ ಮುಗಿಸಲು ಇನ್ನೊಬ್ಬರಿಗೆ 15,000 ಬೇಕು ಅಂದುಕೊಳ್ಳಿ. ಮೊದಲನೆಯವನಿಗೆ ಕೊಟ್ಟಿದ್ದೂ ಇನ್ನೊಬ್ಬರಿಗೆ ಕೊಡಬೇಕಾದ್ದೂ ಕೂಡಿಸಿ, ಒಪ್ಪಂದದ ಮೊತ್ತ ಕಳೆದರೆ 9,000. ಅಷ್ಟೇ ನಿಮ್ಮ ನಷ್ಟ. ವಕೀಲರ ಫೀಸು, ಬಡ್ಡಿ, ಕೆಟ್ಟ ಕೆಲಸದಿಂದ ಬೇರೆ ಕಡೆ ಆದ ಹಾನಿ ಇದರಲ್ಲಿ ಸೇರಲ್ಲ. ನಮ್ಮ ಅಡುಗೆಮನೆ ಸೀಲಿಂಗ್ ಖರ್ಚನ್ನು ನಾವೇ ಹಾಕಿಕೊಂಡೆವು.

ತುಂಬ ಜನಕ್ಕೆ ಗೊತ್ತಿಲ್ಲದ ಮಾತು ಒಂದಿದೆ. ಕಾಂಟ್ರಾಕ್ಟರ್ ಪ್ರಾಮಾಣಿಕವಾಗಿ ಸರಿಮಾಡಿಕೊಡಲು ಬಂದಾಗ ನೀವು ಕಾರಣವಿಲ್ಲದೆ ಬೇಡ ಅಂದಿದ್ದರೆ, ಕಮಿಷನ್ ನಿಮ್ಮ ಅರ್ಜಿಯನ್ನೇ ತಳ್ಳಿಹಾಕಬಹುದು. ಗೋಡೆ ಹಾಗೆ ಕೊಳೆತಿದ್ದನ್ನು ನೋಡಿದ ಮೇಲೆ ಅವನ ಮುಖ ನೋಡೋಕೂ ಮನಸ್ಸು ಬರಲ್ಲ ಅಲ್ವಾ? ಆದರೂ "ಇಂಥ ದಿನದೊಳಗೆ ಬಂದು ಸರಿಮಾಡಿ" ಅಂತ ಇಮೇಲ್ ಕಳಿಸಿ. ಫೋನಲ್ಲಿ ಆಡಿದ ಮಾತಿಗೆ ದಾಖಲೆ ಇರಲ್ಲ. ನಾವು ಕಳಿಸಿದ ಇಮೇಲ್‌ಗಳಿಗೆ ಉತ್ತರ ಬರಲಿಲ್ಲ, ನಮ್ಮ ಅರ್ಜಿಯ ವಿಚಾರಣೆಯಲ್ಲಿ ಆ ಮೌನವೇ ನಮ್ಮ ಪರವಾಗಿ ನಿಂತಿತು. ಜೊತೆಗೆ ಟೈಲ್ಸ್ ತೆಗೆಯುವಾಗ ಹಂತಹಂತವಾಗಿ ತೆಗೆದ ಫೋಟೋಗಳಿದ್ದವು. ರಿಪೇರಿ ಎಸ್ಟಿಮೇಟನ್ನೂ ಲೈಸೆನ್ಸ್ ಇರುವವರಿಂದಲೇ ಪಡೆಯಿರಿ. ಹಳೇ ತಪ್ಪು ಸರಿಮಾಡುವುದಕ್ಕೆ ಎಷ್ಟು, ಉಳಿದ ಕೆಲಸಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿ. ಹೊಸದಾಗಿ ಸೇರಿಸಿಕೊಂಡ ಆಸೆಗಳನ್ನು ಅದರಲ್ಲಿ ಬೆರೆಸಬೇಡಿ.

ನಷ್ಟ ಗೊತ್ತಾದ 3 ವರ್ಷದೊಳಗೆ ಅರ್ಜಿ ಹಾಕಬೇಕು. ಫಂಡ್ ನಿಮಗೆ ಕೊಟ್ಟಿದ್ದನ್ನು ಕಾಂಟ್ರಾಕ್ಟರ್ ಬಡ್ಡಿ ಸಮೇತ ತುಂಬಿಕೊಡಬೇಕು, ಇಲ್ಲದಿದ್ದರೆ ಅವನ ಲೈಸೆನ್ಸ್ ಹೋಗುತ್ತದೆ. ಅಂದ್ರೆ ನೀವು ದೂರು ಕೊಟ್ಟರೆ ಇನ್ನೊಂದು ಮನೆಯೂ ಬಚಾವಾಗುತ್ತದೆ.

ಅಂದಹಾಗೆ, ಬಿಲ್ಡರ್ ಹತ್ತಿರ ಹೊಸ ಮನೆಯನ್ನೇ ಕಟ್ಟಿಸುವವರಿಗೆ ಈ ಫಂಡ್ ಅಲ್ಲ. ಅದಕ್ಕೆ ಬೇರೆಯದೇ ಹೋಮ್ ಬಿಲ್ಡರ್ ಗ್ಯಾರಂಟಿ ಫಂಡ್ ಇದೆ, ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ವಿಚಾರಿಸಿ.