ಹುಬ್ಬಳ್ಳಿ ಕೊಪ್ಪೀಕರ ರೋಡಿನ ಈ ಅಂಗಡ್ಯಾಗ ಪಿಸಿ ಕಟ್ಟಿಸಿದೆ, ಮೂರ್ ದಿನ ನಿಲ್ಲದ ಓಡೇತಿ

ನಾ ಧಾರವಾಡದಾಗ ಫಿಸಿಕ್ಸ್ ಪಿಎಚ್‌ಡಿ ಮಾಡಾಕತ್ತೀನ್ರಿ, ಗ್ಯಾಲಕ್ಸಿ ನಡುವಿನ ದೈತ್ಯ ಬ್ಲ್ಯಾಕ್ ಹೋಲ್‌ನಿಂದ ಜೆಟ್, ಅಂದ್ರ ಉದ್ದನ ಸಪೂರ ಧಾರಿ, ಹೆಂಗ ಚಿಮ್ಮತೈತಿ ಅನ್ನೋದನ್ನ ಕಂಪ್ಯೂಟರ್‌ನಾಗ ಲೆಕ್ಕ ಮಾಡೋದು ನನ್ನ ಕೆಲಸ. ಹಿಂದ ಬ್ಯಾರೆ ಕಡೆ ಕಟ್ಟಿಸಿದ್ದ ಪಿಸಿಗೆ ಲೈಟ್ ಮಿನುಗೋ ಗ್ರಾಫಿಕ್ಸ್ ಕಾರ್ಡ್ ಹಾಕಿ 32 ಜಿಬಿ ರ‍್ಯಾಮ್ ಒಂದ ಸ್ಟಿಕ್‌ನಾಗ ಕೊಟ್ಟಿದ್ರು, ಮಧ್ಯರಾತ್ರಿ ಕಾದು ಬಂದ್ ಬೀಳೋದು, ಎರಡ್ ದಿನದ ರನ್ ಹೊಳ್ಯಾಗ ಹುಣಸಿಹಣ್ಣ ತೊಳದಂಗ.

ಇಲ್ಲಿ ಅಣ್ಣಾರು ರೇಟ್ ಹೇಳೂಕಿಂತ ಮೊದಲು ಏನ್ ಕೆಲಸಕ್ಕ ಬೇಕು ಅಂತ ಕೇಳಿದ್ರು. ಹೇಳಿದೆ, ಜಾಗಾನ ಸಣ್ಣ ಸಣ್ಣ ಸೆಲ್ ಅಂದ್ರ ಖಾನೆ ಮಾಡಿ ಲೆಕ್ಕ ಹಾಕ್ತೀವಿ, ಆ ಗ್ರಿಡ್ ಎರಡೂ ಕಡೆ ಡಬಲ್ ಮಾಡಿದ್ರ ಸೆಲ್ ನಾಕ್ ಪಟ್ಟು ಆಗ್ತಾವ, ಒಂದೊಂದ ಸಲ ಮುಂದ ಸರಿಯೋ ಟೈಮ್ ಸ್ಟೆಪ್ಪೂ ಅರ್ಧಕ್ಕ ಇಳೀತೈತಿ, ಒಟ್ಟು ಎಂಟ್ ಪಟ್ಟು ಕೆಲಸ, ಎಲ್ಲಾ ಕೋರ್ ಹಗಲೂ ರಾತ್ರಿ ಫುಲ್ ಓಡ್ತಾವ ಅಂತ. ಗ್ರಾಫಿಕ್ಸ್ ಕಾರ್ಡ್ ಬ್ಯಾಡ ಬಿಡ್ರಿ ಮೇಡಂ, ಆ ರೊಕ್ಕ ಪ್ರೊಸೆಸರ್‌ಗೆ ಹಾಕೂಣು, ರ‍್ಯಾಮ್ ಎರಡ್ ಸ್ಟಿಕ್ ಬೇಕ ಬೇಕು, ಒಂದ ಇದ್ರ ಕೋರ್‌ಗೋಳು ಡೇಟಾ ಕಾಯ್ಕೋತ ಸುಮ್ನ ಕೂಡ್ತಾವ, ನಿಮ್ಮ ಪ್ರೋಗ್ರಾಂ ತಂದ್ಕೊಡ್ರಿ ಅದನ್ನ ಓಡಿಸಿ ನೋಡೂಣು ಅಂದ್ರು. ನನಗ ಇಷ್ಟ ಆಗಿದ್ದ ಅದ. ರಾತ್ರಿಯಿಡೀ ನನ್ನ ಕೋಡ್ ಓಡಿಸಿ, 95 ಡಿಗ್ರಿ ಮುಟ್ಟಿದ್ದು ಕಂಡು, ತಾವ ಫೋನ್ ಮಾಡಿ ಕೂಲರ್ ಬದಲಿಸಿದ್ರು.

ಮೊದಲನೇ ರಾತ್ರಿ ಓಡಿಸಿದ ಮರದಿನ ಹೋದಾಗ ಸ್ಕ್ರೀನ್ ಮ್ಯಾಲೆ ನಡುವ ಸೀಳಿದ ಉದ್ದಿನ ವಡಿಯಂಗ ಗ್ಯಾಸ್, ಅದರ ನಡುವಿಂದ ಮ್ಯಾಲೆ ಕೆಳಗ ಎರಡ್ ಸಣ್ಣ ನೀಲಿ ಕೊಳವಿ. ಎಲ್ಲಾ ನುಂಗತೈತಿ ಅಂತಾರಲ್ರಿ, ಇದ್ಯಾಕ ಹೊರಗ ಉಗುಳಾಕತ್ತೈತಿ ಅಂತ ಅಣ್ಣಾರು ಕೇಳಿದ್ರು. ಒಳಗ ಹೋದದ್ದು ಹೊರಗ ಬರಂಗಿಲ್ರಿ, ಬ್ಲ್ಯಾಕ್ ಹೋಲ್ ಗಿರಗಿರ ತಿರುಗೋದಕ್ಕ ಅದನ್ನ ಹಾದು ಹೋದ ಕಾಂತಕ್ಷೇತ್ರದ ರೇಖೆಗಳು ಹಗ್ಗ ಹೊಸದಂಗ ಹುರಿ ಆಗ್ತಾವ, ಆ ಹುರಿಯ ಒತ್ತಡ ಜೆಟ್ಟನ್ನ ಹೊರಗ ದಬ್ಬತೈತಿ, ಶಕ್ತಿ ಬರೋದು ಆ ತಿರುಗಾಟದಿಂದ, 1977ರಾಗ ವಿಜ್ಞಾನಿಗಳಾದ ಬ್ಲಾಂಡ್‌ಫರ್ಡ್ ಮತ್ತ ಝ್ನಾಯೆಕ್ ಇದನ್ನ ಬರದಿಟ್ರು ಅಂದೆ. ಎಂ87 ಗ್ಯಾಲಕ್ಸಿಯ ಜೆಟ್ 1918ರಾಗ ಖಗೋಳ ವಿಜ್ಞಾನಿ ಕರ್ಟಿಸ್ ಫೋಟೋದಾಗ ನೆಟ್ಟಗ ಒಂದ್ ಗೀಟಿನಂಗ ಕಂಡಿತ್ತು, ಉದ್ದ ಸುಮಾರು 5000 ಜ್ಯೋತಿರ್ವರ್ಷ. ಅಲ್ಲಿಯ ಬ್ಲ್ಯಾಕ್ ಹೋಲ್ 650 ಕೋಟಿ ಸೂರ್ಯರಷ್ಟು ತೂಕ, ಕೋಡಿನ ಟೈಮ್ ಯುನಿಟ್ ಬ್ಲ್ಯಾಕ್ ಹೋಲ್ ತೂಕದ ಮ್ಯಾಲೆ ನಿಂತಿರತೈತಿ, ಹಂಗಾಗಿ ನನ್ನ ಕೋಡ್‌ನಾಗ ಒಂದ್ ಟೈಮ್ ಯುನಿಟ್ ಅಂದ್ರ ಅಲ್ಲಿ ಹತ್ತಹತ್ತರ 9 ತಾಸು. ನನ್ನ 2000 ಯುನಿಟ್ ರನ್ ಅಂದ್ರ ಅಲ್ಲಿ ಎರಡ್ ವರ್ಷ, ಅದು ಈ ಪಿಸ್ಯಾಗ ಮೂರ್ ದಿನಕ್ಕ ಮುಗೀತು, ಒಮ್ಮೇನೂ ನಿಲ್ಲಲಿಲ್ಲ. ಜೆಟ್ ಒಳಗ ದ್ರವ್ಯ ಖಾಲಿ ಆದಂಗ ಕೋಡ್ ಮುಗ್ಗರಿಸತೈತಿ, ಕನಿಷ್ಠ ಸಾಂದ್ರತೆ ಇಷ್ಟ ಅಂತ ನಾವ ಕಟ್ಟಬೇಕು, ಅದು ನನ್ನ ತಲಿನೋವು, ಆದ್ರ ಈಗ ಕ್ರ್ಯಾಶ್ ಆದ್ರ ಅದು ಫಿಸಿಕ್ಸ್‌ದು, ಮಷೀನ್‌ದಲ್ಲ ಅಂತ ಗ್ಯಾರಂಟಿ ಹೇಳಬಹುದು.

ಒಂದ ಕೊರತಿ, ಕೂಲರ್ ಬರೂದಕ್ಕ ಎಂಟ್ ದಿನ ಕಾಯ್ಸಿದ್ರು. ಯುಪಿಎಸ್ ದೊಡ್ಡದ ತಗೋರಿ, ಬ್ಯಾಸಗ್ಯಾಗ ಕರೆಂಟ್ ಹೋಗತೈತಿ. ಹೋಗೋವಾಗ ನಿಮ್ಮ ಪ್ರೋಗ್ರಾಂ ಪೆನ್‌ಡ್ರೈವ್‌ನಾಗ ಹಾಕ್ಕೊಂಡ ಹೋಗ್ರಿ.