ನಮ್ಮ ಬೇಸಿಗೆ ಸ್ಪಿತಿಯ ಬೇಸಿಗೆಯಲ್ಲ: ಏಳು ದಿನದ ಪ್ಯಾಕೇಜಿಗೆ ಮುಂಗಡ ಕೊಡುವ ಮೊದಲು

ಮಕ್ಕಳ ರಜೆ ಮುಗಿಯುವುದರೊಳಗೆ ಹಿಮಾಚಲ ಪ್ರದೇಶದ ಪಿನ್ ಕಣಿವೆ ರಾಷ್ಟ್ರೀಯ ಉದ್ಯಾನವನ್ನು ಏಳು ದಿನಗಳಲ್ಲಿ ನೋಡಿಕೊಂಡು ಬರಬಹುದು ಎಂದು ಯಾರಾದರೂ ನಿಮಗೆ ಹೇಳುತ್ತಿದ್ದರೆ, ಹಣ ಕಳುಹಿಸುವ ಮೊದಲು ದಯವಿಟ್ಟು ಇದನ್ನು ಓದಿ. ಕಳೆದ ಮೇ 18ರಂದು ನಾವು ಐವರು ಬೆಂಗಳೂರಿನಿಂದ ಹೊರಟೆವು: ನಾನು, ಹೆಂಡತಿ, ಒಂಬತ್ತನೆಯ ತರಗತಿಗೆ ಕಾಲಿಡಲಿದ್ದ ಮಗಳು, ಭಾವಮೈದುನ ಮತ್ತು ಅರವತ್ತಾರು ವರ್ಷದ ಮಾವನವರು. ಉದ್ಯಾನದೊಳಗೆ ನಾವು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅಲ್ಲಿಗೆ ದಾರಿ ಕವಲೊಡೆಯುವ ಅತ್ತರ್ಗೊ ಸೇತುವೆಯನ್ನು ಹೋಗುವಾಗ ಕತ್ತಲಲ್ಲಿ ಒಮ್ಮೆ, ಬರುವಾಗ ಮಾವನವರ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿದ್ದ ಸ್ಥಿತಿಯಲ್ಲಿ ಮತ್ತೊಮ್ಮೆ ಹಾದುಹೋದೆವು, ಅಷ್ಟೇ.

ಪಿನ್ ಕಣಿವೆ ಇರುವುದು ಲಾಹೌಲ್-ಸ್ಪಿತಿ ಜಿಲ್ಲೆಯಲ್ಲಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಪ್ರದೇಶದ ವಿಸ್ತೀರ್ಣ 675 ಚದರ ಕಿಲೋಮೀಟರ್. ಮರಗಳಿಲ್ಲದ, ಮಳೆ ಬಹಳ ಕಡಿಮೆ ಬೀಳುವ ಶೀತ ಮರುಭೂಮಿ ಇದು. ಹತ್ತಿರದ ಪಟ್ಟಣವಾದ ಕಾಜಾ ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಕಾಜಾದ ಬಸ್ ನಿಲ್ದಾಣದಲ್ಲಿ ನಿಂತವನು ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟು ಅದರ ತುದಿಯಲ್ಲಿ ನಿಂತಂತೆ. ಈ ಹೋಲಿಕೆ ನನಗೆ ಹೊಳೆದದ್ದು ವಾಪಸ್ಸು ಬಂದ ಮೇಲೆ. ಹೋಗುವ ಮೊದಲು ಹೊಳೆದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ನಮಗೆ ಪ್ರವಾಸ ಏರ್ಪಡಿಸಿದ ಏಜೆಂಟರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅವರ ಕರಪತ್ರವನ್ನೇ ಹೋಲುವ ಕರಪತ್ರಗಳು ಆಮೇಲೆ ಇನ್ನೂ ಮೂರ್ನಾಲ್ಕು ನನ್ನ ಕಣ್ಣಿಗೆ ಬಿದ್ದಿವೆ. ಅದರಲ್ಲಿದ್ದ ಯೋಜನೆ ಹೀಗಿತ್ತು: ಚಂಡೀಗಢದಿಂದ ಮನಾಲಿ, ಅಲ್ಲಿಂದ ಚಂದ್ರತಾಲ್ ಸರೋವರ, ಕುಂಜುಂ ಕಣಿವೆದಾರಿ ಹಾದು ಕಾಜಾ, ಪಿನ್ ಕಣಿವೆಯಲ್ಲಿ ಎರಡು ದಿನ, ಕೊನೆಗೆ ಪಕ್ಕದ ಕಿನ್ನೌರ್ ಜಿಲ್ಲೆಯ ಮಾರ್ಗವಾಗಿ ಮತ್ತೆ ಚಂಡೀಗಢ. ಮೇಲೆ ದೊಡ್ಡದಾಗಿ ಹಿಮ ಚಿರತೆಯ ಚಿತ್ರ, ಕೆಳಗೆ 'ಸಫಾರಿ' ಎಂಬ ಮಾತು. ತಲೆಗೆ 38,000 ರೂಪಾಯಿ, ವಿಮಾನದ ಖರ್ಚು ಬೇರೆ. ಶೇಕಡಾ 60ರಷ್ಟು ಮುಂಗಡವನ್ನು, ಎಂದರೆ 1,14,000 ರೂಪಾಯಿಗಳನ್ನು, ಸಂಸ್ಥೆಯ ಖಾತೆಗಲ್ಲದೆ ಒಬ್ಬ ವ್ಯಕ್ತಿಯ ಯುಪಿಐ ಸಂಖ್ಯೆಗೆ ಕಳುಹಿಸಿದೆ. ಬಿಲ್ ಕೇಳಿದ್ದಕ್ಕೆ ಪ್ರವಾಸ ಮುಗಿದ ಮೇಲೆ ಒಟ್ಟಿಗೆ ಕೊಡುತ್ತೇವೆ ಎಂದರು. ತರಕಾರಿ ಕೊಳ್ಳುವಾಗ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ ನೋಡುವ ನಾನು ಇದಕ್ಕೆ ಹೇಗೆ ಒಪ್ಪಿದೆನೋ, ಹೆಂಡತಿ ಇಂದಿಗೂ ಕೇಳುತ್ತಾಳೆ.

ಮೊದಲ ತಪ್ಪು ತಿಂಗಳಿನದು. ನಮಗೆ ಬೇಸಿಗೆ ಎಂದರೆ ಏಪ್ರಿಲ್ ಮತ್ತು ಮೇ, ಏಕೆಂದರೆ ಶಾಲೆಗಳಿಗೆ ರಜೆ ಇರುವುದು ಆಗ, ಮತ್ತು ಮೇ ಕೊನೆಯ ವಾರದಲ್ಲಿ ನಮ್ಮಲ್ಲಿ ತರಗತಿಗಳು ಮತ್ತೆ ಶುರುವಾಗುತ್ತವೆ. ಸ್ಪಿತಿಯ ಬೇಸಿಗೆ ಆರಂಭವಾಗುವುದೇ ಜೂನ್ ಹೊತ್ತಿಗೆ. ಮನಾಲಿ ಕಡೆಯಿಂದ ಸ್ಪಿತಿಗೆ ಹೋಗಲು 4,500 ಮೀಟರಿಗೂ ಎತ್ತರದ ಕುಂಜುಂ ಕಣಿವೆದಾರಿಯನ್ನು ಹಾಯಬೇಕು. ಚಳಿಗಾಲವಿಡೀ ಹಿಮದಡಿ ಮುಚ್ಚಿರುವ ಆ ರಸ್ತೆಯನ್ನು ಗಡಿ ರಸ್ತೆ ಸಂಸ್ಥೆಯವರು ಕೊರೆದು ತೆರೆಯುವಷ್ಟರಲ್ಲಿ ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್ ಆಗಿರುತ್ತದೆ. 2020ರಲ್ಲಿ ಉದ್ಘಾಟನೆಯಾದ ಅಟಲ್ ಸುರಂಗ ಬಂದ ಮೇಲೆ ಈ ಸಮಸ್ಯೆ ತೀರಿತು ಎಂದು ಏಜೆಂಟರು ಹೇಳಿದ್ದರು, ನಾನು ನಂಬಿದ್ದೆ. ಸುರಂಗ ತಪ್ಪಿಸಿಕೊಡುವುದು ರೋಹ್ತಾಂಗ್ ಕಣಿವೆದಾರಿಯನ್ನು, ಕುಂಜುಂ ಅನ್ನು ಅಲ್ಲ. ಭೂಪಟವನ್ನು ಎರಡು ನಿಮಿಷ ನೋಡಿದ್ದರೂ ತಿಳಿಯುತ್ತಿದ್ದ ಸಂಗತಿ ಅದು.

18ರ ತಡರಾತ್ರಿ ಮನಾಲಿ ತಲುಪಿದೆವು. 19ರ ಬೆಳಿಗ್ಗೆ, ಕುಂಜುಂ ನಾಳೆ ತೆರೆಯುತ್ತದೆ ಎಂದು ಏಜೆಂಟರು ಫೋನಿನಲ್ಲಿ ಹೇಳಿದರು. ಇಡೀ ದಿನ ಸುರಂಗದಾಚೆಯ ಸಿಸ್ಸುವಿನಲ್ಲಿ ಹಿಮ ನೋಡುತ್ತಾ ಕಳೆದೆವು. 20ರ ಬೆಳಿಗ್ಗೆ ಅದು ಇನ್ನೂ ಹತ್ತು ದಿನ ತೆರೆಯುವುದಿಲ್ಲ ಎಂದು ಹೇಳಿದವರು ಏಜೆಂಟರಲ್ಲ, ಹೋಟೆಲಿನ ಕೆಳಗೆ ಚಹಾ ಮಾರುತ್ತಿದ್ದವರು. ಮತ್ತೆ ಫೋನ್ ಮಾಡಿದಾಗ, ಹಾಗಾದರೆ ಕಿನ್ನೌರ್ ಕಡೆಯಿಂದ ಹೋಗಿ ಸರ್, ಅದು ವರ್ಷವಿಡೀ ತೆರೆದಿರುತ್ತದೆ, ಒಂದು ದಿನ ಹಿಂದುಮುಂದು ಆಗಬಹುದು, ಡ್ರೈವರ್ ಸರಿಹೊಂದಿಸುತ್ತಾನೆ ಎಂಬ ಉತ್ತರ ಬಂತು. ಆ 'ಸರಿಹೊಂದಿಸುವುದು' ಎಂದರೆ ಏನೆಂದು ಕೇಳದೆ ಹೋದದ್ದು ನನ್ನ ತಪ್ಪು. ಜಲೋರಿ ಕಣಿವೆದಾರಿ ಹತ್ತಿ ಇಳಿದು ಅಂದು ರಾತ್ರಿ ಸಟ್ಲೆಜ್ ದಂಡೆಯ ರಾಂಪುರದಲ್ಲಿ ಮಲಗಿದೆವು. ರಾಂಪುರದ ಎತ್ತರ ಸುಮಾರು 1,000 ಮೀಟರ್, ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟೇ.

ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ಹೊರಟ ಕಾರು ಕಾಜಾ ಸೇರಿದ್ದು ರಾತ್ರಿ ಎಂಟೂವರೆಗೆ. ಕಿನ್ನೌರ್ ಮಾರ್ಗದ ಲಾಭವೆಂದರೆ ಅದು ಮೆಲ್ಲಮೆಲ್ಲನೆ ಎತ್ತರಕ್ಕೆ ಏರುತ್ತದೆ, ದಾರಿಯಲ್ಲಿ ಕಲ್ಪಾ, ನಾಕೋ, ತಾಬೋ ಎಂದು ತಂಗಲು ಊರುಗಳಿವೆ. ನಾವು ಎಲ್ಲಿಯೂ ತಂಗಲಿಲ್ಲ. ಕಳೆದುಹೋದ ದಿನಗಳನ್ನು ಸರಿದೂಗಿಸುವ ಆತುರದಲ್ಲಿ ಸುಮಾರು 2,800 ಮೀಟರ್ ಎತ್ತರವನ್ನು ಒಂದೇ ಹಗಲಿನಲ್ಲಿ ಏರಿ, ಅಲ್ಲಿಯೇ ಮಲಗಿದೆವು. ವೈದ್ಯರು ಹೇಳುವ ಲೆಕ್ಕದ ಪ್ರಕಾರ, 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ಒಂದು ರಾತ್ರಿಯಿಂದ ಮುಂದಿನ ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು ಮತ್ತು ಮೂರ್ನಾಲ್ಕು ದಿನಕ್ಕೊಮ್ಮೆ ಇದ್ದಲ್ಲಿಯೇ ಇದ್ದು ವಿಶ್ರಾಂತಿ ಪಡೆಯಬೇಕು. ಹಗಲು ಎಷ್ಟು ಹತ್ತಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. ಕಾಜಾದಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗಕ್ಕಿಂತಲೂ ಕಡಿಮೆ. ಪ್ರತಿ ಉಸಿರಿನಲ್ಲಿಯೂ ದೇಹಕ್ಕೆ ಸಿಗುವ ಆಮ್ಲಜನಕ ಅಷ್ಟೇ ಕಡಿಮೆಯಾಗುತ್ತದೆ, ಮತ್ತು ದೇಹ ಅದಕ್ಕೆ ಒಗ್ಗಿಕೊಳ್ಳಲು ದಿನಗಳೇ ಬೇಕು. ವಯಸ್ಸು, ವ್ಯಾಯಾಮ, ಮನೋಬಲ ಯಾವುದೂ ಈ ದಿನಗಳಿಗೆ ಬದಲಿಯಾಗುವುದಿಲ್ಲ. ದಿನವೂ ಐದು ಕಿಲೋಮೀಟರ್ ಓಡುವ ನನ್ನ ಭಾವಮೈದುನ ಆ ರಾತ್ರಿ ಎರಡು ಬಾರಿ ವಾಂತಿ ಮಾಡಿದ. ಮಗಳಿಗೆ ಸಣ್ಣ ತಲೆನೋವಿನ ಹೊರತು ಏನೂ ಆಗಲಿಲ್ಲ.

ಮಾವನವರು ಊಟ ಬೇಡವೆಂದರು, ತಲೆ ಸಿಡಿಯುತ್ತಿದೆ ಎಂದರು. ಏಜೆಂಟರು ಹೊರಡುವ ಮೊದಲೇ ಎಲ್ಲರಿಗೂ ಕರ್ಪೂರದ ಪೊಟ್ಟಣ ಇಟ್ಟುಕೊಳ್ಳಲು ಹೇಳಿದ್ದರು, ಮೂಸಿದರೆ ಉಸಿರಾಟ ಸರಾಗವಾಗುತ್ತದಂತೆ. ಮೂಸಿದೆವು. ಮೂಗು ತೆರೆದುಕೊಂಡಂತೆ ಅನ್ನಿಸುವುದು ನಿಜ, ಆದರೆ ಗಾಳಿಯಲ್ಲಿ ಇಲ್ಲದ ಆಮ್ಲಜನಕವನ್ನು ಕರ್ಪೂರ ಎಲ್ಲಿಂದ ತಂದೀತು? ಮನಾಲಿಯಲ್ಲಿ ಕೊಂಡಿದ್ದ ಆಮ್ಲಜನಕದ ಸಣ್ಣ ಡಬ್ಬಿಗಳು ಕೆಲವು ನಿಮಿಷಗಳಲ್ಲಿ ಖಾಲಿಯಾದವು. ಬೆಳಿಗ್ಗೆ ಮಾವನವರು, ಹಣ ಕೊಟ್ಟಾಗಿದೆ, ನನ್ನಿಂದ ನಿಮ್ಮ ಪ್ರವಾಸ ಕೆಡುವುದು ಬೇಡ ಎಂದು ಹಟ ಹಿಡಿದು ಕಾರು ಹತ್ತಿದರು. ನಾವೂ ಸುಮ್ಮನಾದೆವು. ಈ ಇಡೀ ಕಥೆಯಲ್ಲಿ ನನ್ನನ್ನು ಈಗಲೂ ನಿದ್ದೆಯಿಂದ ಎಬ್ಬಿಸುವುದು ಆ ಸುಮ್ಮನಾದ ಗಳಿಗೆ. ತಲೆನೋವು, ವಾಕರಿಕೆ ಇರುವಾಗ ಮೇಲಕ್ಕೆ ಹೋಗಲೇಬಾರದು. ನಾವು ಹೋದದ್ದು ಸುಮಾರು 4,400 ಮೀಟರಿನ ಲಾಂಗ್ಜಾ ಮತ್ತು ಹಿಕ್ಕಿಂ ಗ್ರಾಮಗಳಿಗೆ.

ಹಿಕ್ಕಿಂನ ಅಂಚೆ ಕಚೇರಿಯಿಂದ ಮಗಳು ತನ್ನ ಅಜ್ಜಿಗೆ ಕಾರ್ಡ್ ಬರೆಯುತ್ತಿದ್ದಳು. ಮಾವನವರು ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟವರು ಕುಡಿದವರಂತೆ ಒಂದು ಬದಿಗೆ ವಾಲಿದರು. ಭಾವಮೈದುನ ಹಿಡಿದುಕೊಂಡು ಮಾತನಾಡಿಸಿದರೆ, ಇದು ಯಾವ ಊರು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ನಮ್ಮ ಡ್ರೈವರಿಗೆ ವಿಷಯ ಗೊತ್ತಿತ್ತು. ಒಂದು ಮಾತೂ ಆಡದೆ ಕಾರು ತಿರುಗಿಸಿದ.

ಕಾಜಾದ ಆಸ್ಪತ್ರೆಯ ವೈದ್ಯರು ಮಾವನವರನ್ನು ಅಡಿಗೆ ಅಡಿ ಕೂಡಿಸಿ ನೇರ ಗೆರೆಯ ಮೇಲೆ ನಡೆಯಲು ಹೇಳಿದರು. ಅವರಿಂದ ಆಗಲಿಲ್ಲ. ಎತ್ತರದಿಂದಾಗಿ ಮಿದುಳು ಊದಿಕೊಳ್ಳುವ ಲಕ್ಷಣವದು, ತಡಮಾಡಿದರೆ ಪ್ರಾಣಕ್ಕೇ ಅಪಾಯ. ಆಮ್ಲಜನಕ ಹಾಕಿ, ಇಂಜೆಕ್ಷನ್ ಕೊಟ್ಟು, ಸ್ವಲ್ಪ ತಿಳಿಯಾದ ಕೂಡಲೇ ಇಂದೇ ಕೆಳಗಿಳಿಸಿ ಎಂದರು. ಆದರೆ ಆ ದಾರಿಗೆ ಒಂದು ಕೊಂಕಿದೆ. ಕಾಜಾದಿಂದ ಕಿನ್ನೌರಿಗೆ ಬರುವ ರಸ್ತೆ ತಾಬೋ ದಾಟಿ ಸುಮ್ದೊವರೆಗೆ ಇಳಿದು, ನಾಕೋ ಬಳಿ ಮತ್ತೆ ಸುಮಾರು 3,600 ಮೀಟರಿಗೆ ಏರಿ, ಅನಂತರವೇ ನಿಜವಾಗಿ ಇಳಿಯುತ್ತದೆ. ಇಳಿಯುವುದಕ್ಕೂ ಮೊದಲು ಹತ್ತಬೇಕು. ಆದ್ದರಿಂದ ವೈದ್ಯರ ಸಲಹೆಯಂತೆ ಅಂದು 3,280 ಮೀಟರಿನ ತಾಬೋದಲ್ಲಿ ಸಿಲಿಂಡರ್ ಇಟ್ಟುಕೊಂಡೇ ರಾತ್ರಿ ಕಳೆದು, ಬೆಳಗಾದ ಮೇಲೆ ನಾಕೋ ಏರುದಾರಿಯನ್ನು ಬೇಗಬೇಗನೆ ಹಾದು ರೆಕಾಂಗ್ ಪಿಯೋ ತಲುಪಿದೆವು. ಅಲ್ಲಿ 2,300 ಮೀಟರಿಗೆ ಇಳಿದ ಮೇಲೆ ಮಾವನವರು ಮೊದಲು ಕೇಳಿದ್ದು ಒಂದು ಲೋಟ ಕಾಫಿ. 24ರ ವಿಮಾನ ತಪ್ಪಿತು. ಹೊಸ ಟಿಕೆಟುಗಳಿಗೆ ಕೊಟ್ಟ ಹಣದ ಬಗ್ಗೆ ಇಲ್ಲಿ ಅಳುವುದಿಲ್ಲ.

ಹಿಮ ಚಿರತೆಯ ವಿಷಯವನ್ನು ತಾಬೋದ ಮನೆಯೊಡೆಯರಲ್ಲಿ ಪ್ರಸ್ತಾಪಿಸಿದಾಗ ಅವರು ನಕ್ಕರು. ಆ ಪ್ರಾಣಿ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚಿರುವುದು ಚಳಿಗಾಲದಲ್ಲಿ, ಐಬೆಕ್ಸ್ ಎಂಬ ಕಾಡುಮೇಕೆ ಮತ್ತು ಭರಲ್ ಎಂಬ ಕಾಡುಕುರಿ‌ಗಳ ಹಿಂಡುಗಳು ಮೇವಿಗಾಗಿ ಕೆಳಗಿಳಿದಾಗ, ಅದೂ ಮುಖ್ಯವಾಗಿ ಕಾಜಾ ಬಳಿಯ ಕಿಬ್ಬರ್ ಗ್ರಾಮದ ಕಡೆ. ಬೇಸಿಗೆಯಲ್ಲಿ ಹುಲ್ಲಿನ ಹಿಂದೆ ಹಿಂಡುಗಳು, ಹಿಂಡುಗಳ ಹಿಂದೆ ಚಿರತೆ, ಎಲ್ಲವೂ ಎತ್ತರದ ಬಂಡೆಗಳಿಗೆ ಹೋಗಿಬಿಡುತ್ತವೆ. ಬಂಡೀಪುರ, ನಾಗರಹೊಳೆಗಳಲ್ಲಿ ಇರುವಂತಹ ಜೀಪ್ ಸಫಾರಿ ಪಿನ್ ಕಣಿವೆಯಲ್ಲಿ ಇಲ್ಲ. ಮುದ್ ಗ್ರಾಮದವರೆಗೆ ವಾಹನ, ಆಮೇಲೆ ಕಾಲ್ನಡಿಗೆ. ಕರಪತ್ರದ ಆ ಒಂದು ಚಿತ್ರವೇ ಉಳಿದೆಲ್ಲವನ್ನೂ ಅನುಮಾನಿಸಲು ಸಾಕಾಗಿತ್ತು.

ಹೋಗಲೇಬೇಕೆಂದರೆ ಹೇಗೆ ಹೋಗಬೇಕು ಎಂದು ಕೇಳುವವರಿಗೆ: ಮೇ ತಿಂಗಳಲ್ಲಾದರೆ ಕಿನ್ನೌರ್ ಮಾರ್ಗವೊಂದನ್ನೇ ನಂಬಿ, ಬೆಂಗಳೂರಿನಿಂದ ಬೆಂಗಳೂರಿಗೆ ಕನಿಷ್ಠ ಹತ್ತು ದಿನ ಇಟ್ಟುಕೊಳ್ಳಿ. ಶಿಮ್ಲಾದಿಂದ ಕಾಜಾಕ್ಕೆ ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚು ದೂರವಿದೆ. ಹೋಗುವಾಗ ನಾರ್ಕಂಡಾದಲ್ಲಿ ಒಂದು ರಾತ್ರಿ, ಕಲ್ಪಾದಲ್ಲಿ ಎರಡು, ತಾಬೋದಲ್ಲಿ ಎರಡು ಕಳೆದು ಆಮೇಲೆ ಮುದ್ ಅಥವಾ ಕಾಜಾಕ್ಕೆ ಹೋಗಿ. ಜುಲೈ, ಆಗಸ್ಟ್ ಬೇಡ. ಸ್ಪಿತಿಯಲ್ಲಿ ಮಳೆ ಕಡಿಮೆಯಾದರೂ ಅಲ್ಲಿಗೆ ಹೋಗುವ ಕಿನ್ನೌರಿನ ಬೆಟ್ಟಗಳು ಆಗ ಕುಸಿಯುತ್ತವೆ. 2021ರ ಜುಲೈಯಲ್ಲಿ ಬಟ್ಸೇರಿ ಬಳಿ ಬಂಡೆಗಳು ಉರುಳಿ ಒಂಬತ್ತು ಪ್ರವಾಸಿಗರು ಸತ್ತರು. 2023ರ ಜುಲೈಯಲ್ಲಿ ಅಕಾಲದ ಹಿಮ ಬಿದ್ದು ಚಂದ್ರತಾಲ್‌ನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ದಿನಗಟ್ಟಲೆ ಸಿಕ್ಕಿಕೊಂಡಿದ್ದರು. ರಸ್ತೆಯ ಸ್ಥಿತಿಯನ್ನು ಏಜೆಂಟರಿಂದ ಕೇಳದೆ, ಜಿಲ್ಲಾ ಪೊಲೀಸರ ಪ್ರಕಟಣೆಗಳನ್ನು ನೋಡಿ, ಕಾಜಾದ ಯಾವುದಾದರೂ ಹೋಂಸ್ಟೇಗೆ ನೀವೇ ಫೋನ್ ಮಾಡಿ. ಎತ್ತರಕ್ಕೆ ಒಗ್ಗಿಕೊಳ್ಳಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ತಪ್ಪದೆ ತಿಳಿಸಿ. ಏಜೆಂಟರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಪ್ರತಿ ರಾತ್ರಿ ನಾವು ಮಲಗುವ ಊರಿನ ಎತ್ತರವೆಷ್ಟು? ಅದನ್ನು ಬರೆದುಕೊಡಲು ಹಿಂಜರಿಯುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಣ ವಾಪಸ್ಸು ಕೇಳಿದಾಗ, ಹವಾಮಾನ ಮತ್ತು ರಸ್ತೆಯ ಕಾರಣದಿಂದಾದ ಬದಲಾವಣೆಗೆ ತಾವು ಹೊಣೆಯಲ್ಲ ಎಂಬ ಷರತ್ತನ್ನು ಏಜೆಂಟರು ತೋರಿಸಿದರು. ತೆರೆಯದ ರಸ್ತೆಯನ್ನು ತೆರೆಯುತ್ತದೆಂದು ಹೇಳಿ ಮಾರಿದ್ದು ಹವಾಮಾನವಲ್ಲ ಎಂಬುದು ನನ್ನ ವಾದ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದಾವೆ ಹೂಡಬಹುದು, ಚಂಡೀಗಢಕ್ಕೆ ಅಲೆಯಬೇಕಿಲ್ಲ; ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬಿಲ್ ಇಲ್ಲದ ಕಾರಣ ವಾಟ್ಸಾಪ್ ಸಂದೇಶಗಳು, ಯುಪಿಐ ದಾಖಲೆಗಳು, ಆಸ್ಪತ್ರೆಯ ಚೀಟಿ ಇವನ್ನೇ ಕ್ರಮವಾಗಿ ಜೋಡಿಸುತ್ತಿದ್ದೇನೆ. ಅದಕ್ಕಾಗಿ ಮೊನ್ನೆ ಆ ಏಜೆಂಟರ ಸಂಖ್ಯೆಯನ್ನು ತೆರೆದು ನೋಡಿದಾಗ, ಅವರ ಸ್ಟೇಟಸ್ಸಿನಲ್ಲಿ ಮುಂದಿನ ಮೇ ತಿಂಗಳ ದಿನಾಂಕಗಳೊಂದಿಗೆ ಅದೇ ಏಳು ದಿನಗಳ ಪ್ರವಾಸವಿತ್ತು, ಮೇಲೆ ಅದೇ ಹಿಮ ಚಿರತೆ.